ಬಿಲ್ಲೆ ಸುತ್ತ ನಾಲ್ಕು ಚುಕ್ಕೆ

"ಮೇಡಂ, ಈ ಮಾತ್ರೆ ಅಮ್ಮನ ಮೈಗೆ ಒಗ್ಗಿಹೋಗಿದೆ ಅನ್ಸುತ್ತೆ, ಅದಕ್ಕೇ ನಾಟ್ತಾ ಇಲ್ಲ." ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಯೂರಿನ್ ಕಲ್ಚರ್ ರಿಪೋರ್ಟಿಗೆ ನಮ್ಮ ಲ್ಯಾಬಿಗೆ ಬಂದವರು ಈ ಮಾತು ಹೇಳದ ವಾರವೇ ಇಲ್ಲ. ಮೈಗೆ ಏನೂ ಆಗಿಲ್ಲ. ಬದಲಾಗಿರುವುದು ಒಳಗಿನ ಬ್ಯಾಕ್ಟೀರಿಯಾ.

ಮೊನ್ನೆ ಹೀಗೆ ಬಂದವರ ತಾಯಿಯ ಪ್ಲೇಟನ್ನೇ ನೋಡಿ. ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಅಗರ್ ಮೇಲೆ ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾ ಹಾಲಿನ ಕೆನೆಯ ಹಾಗೆ ತೆಳ್ಳಗೆ ಹಬ್ಬಿತ್ತು. ಅದರ ಮೇಲೆ ಔಷಧಿ ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಟ್ಟು ರಾತ್ರಿಯಿಡೀ ಬೆಚ್ಚಗೆ ಬಿಡುತ್ತೇವೆ, ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಖಾಲಿ ಉಂಗುರ ಬೀಳುತ್ತದೆ. ಆ ತಾಯಿ ತಗೊಂಡಿದ್ದ ಸಿಪ್ರೊಫ್ಲಾಕ್ಸಾಸಿನ್ (ಸಿಪ್ರೊ) ಬಿಲ್ಲೆಯ ಸುತ್ತ ಉಂಗುರ ಬಿದ್ದಿತ್ತು, ಆದರೆ ಒಳಗೆ ಸಾಸಿವೆಗಿಂತ ಚಿಕ್ಕ ನಾಲ್ಕು ಚುಕ್ಕೆ. ಬೇರೇನೋ ಬಂದು ಸೇರಿಕೊಂಡಿದೆಯಾ ಅಂತ ಎತ್ತಿ ಮತ್ತೆ ಬೆಳೆಸಿದೆ. ಅದೇ ಇ. ಕೋಲೈ. ಈ ಸಲ ಉಂಗುರವೇ ಬೀಳಲಿಲ್ಲ.

ಔಷಧಿ ನೋಡಿದ ಮೇಲೆ ಈ ಬ್ಯಾಕ್ಟೀರಿಯಾ ಬುದ್ಧಿ ಕಲಿತವು ಅಂದುಕೊಳ್ಳಬೇಡಿ. ಕೋಟಿಗಟ್ಟಲೆ ಹುಟ್ಟುವಾಗ ಡಿಎನ್‌ಎ ನಕಲಿನಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ಆಗೇ ಆಗುತ್ತದೆ. ಸಿಪ್ರೊ ಹೋಗಿ ಹಿಡಿಯುವುದು ಬ್ಯಾಕ್ಟೀರಿಯಾದ ಗೈರೇಸ್ ಅನ್ನುವ ಕಿಣ್ವವನ್ನು, ಅದರ ಆಕಾರ ಚೂರು ಬದಲಾದರೂ ಹಿಡಿತ ಸಡಿಲ. 1952ರಲ್ಲಿ ಎಸ್ತರ್ ಮತ್ತು ಜೋಶುವಾ ಲೆಡರ್‌ಬರ್ಗ್ ಎಂಬ ವಿಜ್ಞಾನಿ ದಂಪತಿ ಇದನ್ನು ಒಂದು ತುಂಡು ಮಕಮಲ್ ಬಟ್ಟೆಯಿಂದ ತೋರಿಸಿಬಿಟ್ಟರು. ಔಷಧಿಯೇ ಇಲ್ಲದೆ ಬ್ಯಾಕ್ಟೀರಿಯಾ ಬೆಳೆದ ಪ್ಲೇಟಿನ ಮೇಲೆ ಬಟ್ಟೆ ಒತ್ತಿ, ಆ ಅಚ್ಚನ್ನು ಸ್ಟ್ರೆಪ್ಟೊಮೈಸಿನ್ ಅನ್ನುವ ಆಂಟಿಬಯಾಟಿಕ್ ಇರುವ ಹಲವು ಪ್ಲೇಟುಗಳಿಗೆ ಒತ್ತಿದರು. ಎಲ್ಲದರಲ್ಲೂ ಬದುಕಿದ್ದು ಅದೇ ಅದೇ ಜಾಗದವು. ಅಂದರೆ ಔಷಧಿ ತಾಕುವ ಮೊದಲೇ ಅವು ಹಾಗಿದ್ದವು ಅಲ್ವಾ?

ಇನ್ನು ಔಷಧಿಯಿಂದ ತಪ್ಪಿಸಿಕೊಳ್ಳುವ ಕೆಲವು ಸಾಮಾನು ಅವುಗಳ ಹತ್ತಿರ ಮೊದಲಿನಿಂದಲೂ ಇರುವುದೇ. ಇ. ಕೋಲೈ ಇರುವುದು ಕರುಳಿನಲ್ಲಿ, ಅಲ್ಲಿ ಪಿತ್ತರಸ ಅದಕ್ಕೆ ವಿಷ. ಅದನ್ನು ಹೊರಗೆ ದಬ್ಬಲು ಗೋಡೆಯಲ್ಲೇ ಪಂಪ್ ಇದೆ. ಅದೇ ಪಂಪ್ ಹಲವು ಆಂಟಿಬಯಾಟಿಕ್‌ಗಳನ್ನೂ ದಬ್ಬುತ್ತದೆ.

ನನಗೆ ಜಾಸ್ತಿ ಹೆದರಿಕೆ ಪ್ಲಾಸ್ಮಿಡ್‌ದು. ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಿಹೋಗುವ ಡಿಎನ್‌ಎ ಬಳೆ ಅದು, ಜಾತಿ ಬೇರೆಯಾದರೂ ತಡೆಯಿಲ್ಲ. 1950ರ ದಶಕದಲ್ಲಿ ಜಪಾನಿನಲ್ಲಿ ರಕ್ತಭೇದಿ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾದಲ್ಲಿ ಸಿಕ್ಕ ಅಂಥ ಒಂದು ಬಳೆಯಲ್ಲಿ ಸಲ್ಫಾ, ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್ ನಾಲ್ಕನ್ನೂ ತಡೆಯುವ ಜೀನ್‌ಗಳಿದ್ದವು, ಜತೆಗೆ ಪಾದರಸ ತಡೆಯುವವೂ! ಪಾದರಸವನ್ನು ಆವಿ ಮಾಡಿ ಹಾರಿಸಿಬಿಡುವ ಕಿಣ್ವವನ್ನು ಮಾಡಿಸುವ ಜೀನ್ ಅದರಲ್ಲಿದೆ. (ಚಿಕ್ಕಂದಿನಲ್ಲಿ ಮಂಡಿ ಕೆತ್ತಿದರೆ ಹಚ್ಚುತ್ತಿದ್ದ ಕೆಂಪು ಔಷಧಿ ಮರ್ಕ್ಯುರೋಕ್ರೋಮ್ ಕೂಡ ಪಾದರಸದ್ದೇ.) ಹೀಗಾಗಿ ಆಂಟಿಬಯಾಟಿಕ್ ಮುಟ್ಟದ ಕಡೆಯೂ ಬರೀ ಪಾದರಸ ಇದ್ದರೆ ಸಾಕು, ಇಡೀ ಬಳೆ ಉಳಿದುಕೊಳ್ಳುತ್ತದೆ.

ಆ ತಾಯಿಯ ರಿಪೋರ್ಟಿನಲ್ಲಿ ಸಿಪ್ರೊ ಎದುರು ಆರ್ (ರೆಸಿಸ್ಟೆಂಟ್, ಅಂದರೆ ಔಷಧಿ ನಾಟದು) ಎಂದು ಬರೆದು ಡಾಕ್ಟರಿಗೆ ಫೋನ್ ಮಾಡಿದೆ. ಒಂದೇ ವರ್ಷದಲ್ಲಿ ಎರಡು ಸಲ ಆ ತಾಯಿ ಚೀಟಿಯಿಲ್ಲದೆ ಮೆಡಿಕಲ್‌ನಲ್ಲಿ ಸಿಪ್ರೊ ತಗೊಂಡು, ಉರಿ ಕಡಿಮೆಯಾದ ಕೂಡಲೇ ನಿಲ್ಲಿಸಿದ್ದರಂತೆ. ನೈಟ್ರೊಫ್ಯುರಾಂಟಾಯಿನ್ ಅನ್ನುವ ಇನ್ನೊಂದು ಔಷಧಿಯ ಉಂಗುರ ಮಾತ್ರ ಅಗಲವಾಗಿತ್ತು, ಒಳಗೆ ಒಂದು ಚುಕ್ಕೆಯೂ ಇರಲಿಲ್ಲ. ಅದನ್ನೇ ಕೊಟ್ಟರು.