ಸಕ್ರಿ ಕಮ್ಮಿ ಮಾಡಿದ್ರ ಸ್ಲಶ್ ಮಷೀನ್ ಯಾಕ ನಿಲ್ತೈತಿ?

ಗಂಗಾವತಿಯಾಗ ಫ್ರಿಜ್, ಡೀಪ್ ಫ್ರೀಜರ್ ರಿಪೇರಿ ನನ್ನ ಕೆಲಸ. ಈಗ ಬ್ಯಾಸಿಗಿ ಬಂತಂದ್ರ ಬೇಕರಿ, ಮಿನಿ ಮಾರ್ಟ್‌ಗಳಿಂದ ಸ್ಲಶ್ ಮಷೀನಿನ ಫೋನೇ ಜಾಸ್ತಿ, ಅದೇ ರೀ, ಪಾರದರ್ಶಕ ಡಬ್ಬ್ಯಾಗ ಕೆಂಪು ನೀಲಿ ಬರ್ಫ ತಿರುಗ್ತಿರ್ತೈತಲ್ಲ. ನನಗೂ ಅದರ ಹುಚ್ಚೈತಿ, ರಿಪೇರಿ ಮುಗಿದ ಮ್ಯಾಲ ಟ್ರಯಲ್ ಅಂತ ಒಂದು ಗ್ಲಾಸ್ ಹಿಡೀತೀನಿ, ಕಾಲಾಖಟ್ಟಾ ಇದ್ರ ಎರಡು.

ಏಪ್ರಿಲ್‌ನ್ಯಾಗ ಒಬ್ರು ಬೇಕರಿ ಅಣ್ಣಾರು "ಮಷೀನ್ ಕಟಕಟ ಅಂತೈತಿ, ತಿರುಗವಲ್ದು" ಅಂದ್ರು. ಹೋಗಿ ನೋಡಿದ್ರ ಒಳಗಿನ ಸಿಲಿಂಡರ್‌ಗೆ ಬರ್ಫ ಕಲ್ಲಿನಂಗ ಹತ್ತಿ ಕುಂತಿತ್ತು, ಅದನ್ನ ಕೆರೆಯೋ ಪ್ಲಾಸ್ಟಿಕ್ ಸುರುಳಿ ಮುರಿದಿತ್ತು. ಏನ್ ಹಾಕಿದ್ರಿ ಅಂದ್ರ, ಶುಗರ್ ಇದ್ದೋರು ಬರ್ತಾರಂತ ಸಿರಪ್ ಕಮ್ಮಿ ಮಾಡಿ ನೀರು ಜಾಸ್ತಿ ಹಾಕ್ಯಾರ.

ತಪ್ಪಾಗಿದ್ದೇ ಅಲ್ಲಿ. ಬರೇ ನೀರು ಸೊನ್ನೆ ಡಿಗ್ರಿಗೆ ಪೂರಾ ಗಟ್ಟಿ ಆಗಿಬಿಡ್ತೈತಿ. ಸಕ್ರಿ ಕಲಸಿದ್ರ ಸೊನ್ನಿಗಿಂತ ಕೆಳಗ ಹೋದ ಮ್ಯಾಲ ಸ್ವಲ್ಪ ನೀರಷ್ಟೇ ಹರಳಾಗ್ತೈತಿ, ಉಳಿದ ನೀರಿನ್ಯಾಗ ಸಕ್ರಿ ಇನ್ನೂ ದಪ್ಪ ಆಗ್ತೈತಿ, ಅದು ಗಟ್ಟಿ ಆಗ್ಬೇಕಂದ್ರ ಇನ್ನೂ ಥಂಡಿ ಬೇಕು, ಹಂಗಾಗಿ ಅರ್ಧ ಬರ್ಫ ಅರ್ಧ ಪಾನಕ ಅಂತ ನಿಲ್ತೈತಿ. ಸ್ಟ್ರಾ ಹಾಕಿ ಜೋರಾಗಿ ಎಳೆದ್ರ ಬಣ್ಣ ಎಲ್ಲ ಮೊದ್ಲ ಬಂದು ತಳದಾಗ ಬೆಳ್ಳನ ಬರ್ಫ ಉಳಿಯೋದು ಇದಕ್ಕ. 100 ಗ್ರಾಂಗೆ ಸುಮಾರು 13 ಗ್ರಾಂ ಸಕ್ರಿ ಇದ್ರ ಮಷೀನ್ ಆರಾಮ ತಿರುಗ್ತೈತಿ. ಅಂದ್ರ 300 ಎಂಎಲ್ ಗ್ಲಾಸಿಗೆ 40 ಗ್ರಾಂ ಹತ್ರ, ಎಂಟು ಚಹಾ ಚಮಚ! ಥಂಡಿಗೆ ನಾಲಿಗಿ ಜಡ್ಡು ಹಿಡಿದಿರ್ತೈತಿ, ಸಿಹಿ ಗೊತ್ತಾಗಂಗಿಲ್ಲ. ಒಂದ್ಸಲ ಕರಗಿಸಿ ಕುಡಿದು ನೋಡ್ರಿ, ಮುಂದ ಹೋಗಂಗಿಲ್ಲ.

ಶುಗರ್‌ಫ್ರೀ ಸಿರಪ್‌ನೂ ಐತಿ. ಸಕ್ರಿ ಮಾಡೋ ಕೆಲ್ಸ ಅದ್ರಾಗ ಹೆಚ್ಚಾಗಿ ಗ್ಲಿಸರಾಲ್ ಮಾಡ್ತೈತಿ, ಲೇಬಲ್ ಮ್ಯಾಲ 422 ಅಂತ ನಂಬರ್ ಇರ್ತೈತಿ. ಸಣ್ಣ ಹುಡುಗರಿಗೆ ಅದು ಜಾಸ್ತಿ ಆದ್ರ ರಕ್ತದಾಗ ಸಕ್ರಿ ಇಳಿದು ಎಚ್ಚರ ತಪ್ಪೋದೂ ಐತಿ, ಅದಕ್ಕ ಬ್ರಿಟನ್‌ನ ಆಹಾರ ಸುರಕ್ಷತಾ ಸಂಸ್ಥೆ ಏಳು ವರ್ಷದೊಳಗಿನ ಮಕ್ಕಳಿಗೆ ಗ್ಲಿಸರಾಲ್ ಇರೋ ಸ್ಲಶ್ ಕೊಡಬ್ಯಾಡ್ರಿ ಅಂತ 2025ರಾಗ ಹೇಳೈತಿ. ನನ್ನ ಮಗಳಿಗೆ ಆರು, ನಾ ಕೊಡಂಗಿಲ್ಲ.

ಇನ್ನೊಂದು ಮಾತು, ಈ ಕುಡಿಯೋದು ಹುಟ್ಟಿದ್ದೇ ಮಷೀನ್ ಕೆಟ್ಟಿದ್ದಕ್ಕ. 1950ರ ದಶಕದ ಕೊನಿಗೆ ಅಮೆರಿಕದ ಕಾನ್ಸಾಸ್‌ನ್ಯಾಗ ಒಮರ್ ನೆಡ್ಲಿಕ್ ಅನ್ನೋರ ಅಂಗಡಿ ಸೋಡಾ ಮಷೀನ್ ಕೈ ಕೊಡ್ತು, ಬಾಟ್ಲಿ ಫ್ರೀಜರಿನ್ಯಾಗ ಇಟ್ರು, ಅರೆಬರೆ ಬರ್ಫಾದ ಸೋಡಾನೇ ಜನ ಕೇಳಿ ಕೇಳಿ ಕುಡಿದ್ರು. ಆಮ್ಯಾಲ ಅವರು ಕಾರಿನ ಎಸಿ ಸಾಮಾನಿನಿಂದ ಮಷೀನ್ ಕಟ್ಟಿದ್ರು. ನಮ್ಮ ಪೈಕಿ ಮನಷ್ಯಾ!

ಬೇಕರಿ ಮಷೀನಿನ ಹಿಂದಿನ ಜಾಳಗಿನೂ ತೆಗೆದೆ, ರೈಸ್ ಮಿಲ್ಲಿನ ಹೊಟ್ಟಿನ ಧೂಳು ಕಂಬಳಿ ಹೊದಿಸಿದಂಗ ಕುಂತಿತ್ತು. ಒಳಗಿನ ಶಾಖ ಹೊರಗ ಹೋಗ್ಲಿಲ್ಲಂದ್ರ ಬರ್ಫ ಎಲ್ಲಿಂದ ಬರ್ಬೇಕು, ವಾರಕ್ಕೊಮ್ಮೆ ಬ್ರಶ್ ಹಾಕ್ರಿ, ಗ್ವಾಡಿಗೆ ಹಚ್ಚಿ ಇಡಬ್ಯಾಡ್ರಿ ಅಂದೆ.

"ಮತ್ತ ಶುಗರ್ ಇದ್ದೋರಿಗೆ ಏನ್ ಕೊಡ್ಲಿ?" ಅಂದ್ರು. ಎದುರಿಗಿನ ಗೋಲಿ ಸೋಡಾ ಬಂಡಿ ತೋರಿಸಿ, ಅಲ್ಲಿ ಕಳಸ್ರಿ, ಉಪ್ಪು ನಿಂಬಿಹಣ್ಣು ಹಿಂಡಿ ಕೊಡ್ತಾನ ಅಂದೆ. ಅಣ್ಣಾರ ಮುಖ ಸಣ್ಣದಾತು.