ದಿನಸಿ ಮನೆತನದವರು ಬ್ರೇಕ್ ಪ್ಯಾಡ್ ಮಾರಿದ ಕಥೆ

ಜೆ.ಸಿ. ರಸ್ತೆಯ ನನ್ನ ಸ್ಪೇರ್ ಪಾರ್ಟ್ಸ್ ಅಂಗಡಿಯ ಅಟ್ಟದ ಮೇಲೆ ಇವತ್ತಿಗೂ ಪ್ರೀಮಿಯರ್ ಪದ್ಮಿನಿಯ ಡಿಸ್ಟ್ರಿಬ್ಯೂಟರ್ ಕ್ಯಾಪ್‌ಗಳ ಒಂದು ಡಬ್ಬ ಇದೆ. ಆ ಕಾರು ತಯಾರಾಗುವುದು ನಿಂತು ಇಪ್ಪತ್ತು ವರ್ಷ ದಾಟಿತು. ಡಬ್ಬ ಮಾತ್ರ ಕದಲಿಲ್ಲ. ನಮ್ಮ ಕಸುಬಿನಲ್ಲಿ ಇದಕ್ಕೆ ಡೆಡ್ ಸ್ಟಾಕ್ ಅನ್ನುತ್ತೇವೆ. ಸೊಪ್ಪು ಮಾರುವವರಿಗೆ ಸಂಜೆಯೊಳಗೆ ದುಡ್ಡು ಕೈಗೆ ಬರುತ್ತದೆ. ನಮ್ಮದು ಕಪಾಟಿನಲ್ಲಿ ಕೂತಿರುತ್ತದೆ.

ಅದಕ್ಕೇ ಅಮೆರಿಕದ ಆಟೋಝೋನ್ ಎಂಬ ಸ್ಪೇರ್ ಪಾರ್ಟ್ಸ್ ಅಂಗಡಿ ಸರಪಳಿಯ ಕಥೆ ನನಗೆ ಕುತೂಹಲ. ಅದನ್ನು ಶುರು ಮಾಡಿದವರು ಗ್ಯಾರೇಜಿನವರಲ್ಲ, ದಿನಸಿಯವರು! ಟೆನೆಸಿಯ ಮೆಂಫಿಸ್‌ನಲ್ಲಿ 1907ರಿಂದ ಇದ್ದ ಮಲೋನ್ ಅಂಡ್ ಹೈಡ್ ಎಂಬ ಸಗಟು ದಿನಸಿ ಕಂಪನಿಯ ಸ್ಥಾಪಕರ ಮೊಮ್ಮಗ ಜೋಸೆಫ್ ಹೈಡ್. ಎಲ್ಲರೂ ಅವರನ್ನು ಕರೆಯುವುದು ಪಿಟ್ ಹೈಡ್ ಎಂದು. 1979ರ ಜುಲೈ 4ರಂದು ಅರ್ಕಾನ್ಸಾದ ಫಾರೆಸ್ಟ್ ಸಿಟಿ ಎಂಬ ಸಣ್ಣ ಊರಿನಲ್ಲಿ ಅವರ ಮೊದಲ ಅಂಗಡಿ ತೆರೆಯಿತು. ಆಗಿನ ಹೆಸರು ಆಟೋ ಶ್ಯಾಕ್. ರೇಡಿಯೋ ಶ್ಯಾಕ್ ಎಂಬ ಎಲೆಕ್ಟ್ರಾನಿಕ್ಸ್ ಅಂಗಡಿಯವರು ಹೆಸರಿನ ವಿಚಾರಕ್ಕೆ ಕೋರ್ಟಿಗೆ ಹೋದ ಮೇಲೆ, 1987ರಲ್ಲಿ ಅದು ಆಟೋಝೋನ್ ಆಯಿತು.

ಹೈಡ್ ದಿನಸಿ ಅಂಗಡಿಯ ಶಿಸ್ತನ್ನೇ ಇಲ್ಲಿಗೂ ತಂದರು. ಚೊಕ್ಕ ನೆಲ, ಒಳ್ಳೆ ಬೆಳಕು, ಗಿರಾಕಿಯೇ ಕೈಹಾಕಿ ತೆಗೆದುಕೊಳ್ಳುವ ಹಾಗೆ ಜೋಡಿಸಿದ ಮಾಲು. ಅಂಗಡಿಗೆ ಬರುತ್ತಿದ್ದವರೂ ಬೇರೆ. ನನ್ನ ಕೌಂಟರ್ ಮುಂದೆ ನಿಲ್ಲುವುದು ಹೆಚ್ಚಾಗಿ ಮೆಕ್ಯಾನಿಕ್. ಅಲ್ಲಿ ನಿಲ್ಲುತ್ತಿದ್ದದ್ದು ಕಾರಿನ ಮಾಲೀಕ. ಅಲ್ಲಿ ಕೂಲಿ ದುಬಾರಿ ಅಲ್ವಾ, ರಜೆ ದಿನ ತಾವೇ ಬಾನೆಟ್ ಎತ್ತುತ್ತಾರೆ. ಅಂಥವರಿಗೆ ಪಾರ್ಟ್ ಕೊಟ್ಟರಷ್ಟೇ ಸಾಲದು. ಹಾಗಾಗಿ ಬ್ಯಾಟರಿ ಪರೀಕ್ಷೆ ಬಿಟ್ಟಿ. ವಿಶೇಷ ಪಾನಾ, ಪುಲ್ಲರ್ ಬೇಕಿದ್ದರೆ ಡೆಪಾಸಿಟ್ ಇಟ್ಟು ಒಯ್ಯಬಹುದು, ವಾಪಸ್ ತಂದರೆ ಅಷ್ಟೂ ಹಣ ಕೈಗೆ. ಮೆಕ್ಯಾನಿಕ್ ಹಳೇ ಪಾರ್ಟ್ ತಂದು ಟೇಬಲ್ ಮೇಲಿಟ್ಟು 'ಇಂಥದ್ದೇ ಕೊಡಿ ಸಾರ್' ಅನ್ನುತ್ತಾನೆ. ಮಾಲೀಕನಿಗೆ ಗೊತ್ತಿರುವುದು ಕಾರಿನ ಹೆಸರು, ವರ್ಷ ಅಷ್ಟೇ. ಅದನ್ನೇ ಹೇಳಿದರೆ ಪಾರ್ಟ್ ನಂಬರ್ ತೋರಿಸುವ ಕಂಪ್ಯೂಟರ್ ಕ್ಯಾಟಲಾಗನ್ನು ಅವರು 1980ರ ದಶಕದಲ್ಲೇ ಕೌಂಟರಿಗೆ ತಂದರು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. 1984ರಲ್ಲಿ ಹೈಡ್ ಅವರು ಕೆಕೆಆರ್ ಎಂಬ ಹೂಡಿಕೆ ಸಂಸ್ಥೆ ಜೊತೆಗೂಡಿ ಮಲೋನ್ ಅಂಡ್ ಹೈಡ್‌ನ ಷೇರುಗಳನ್ನೆಲ್ಲ ಕೊಂಡು, ಇಡೀ ಕಂಪನಿಯನ್ನು ಷೇರುಪೇಟೆಯಿಂದ ಹೊರಗೆ ತಂದರು. 1988ರಲ್ಲಿ ತಾತನ ಕಾಲದ ದಿನಸಿ ವ್ಯಾಪಾರವೇ ಬೇರೆಯವರ ಪಾಲಾಯಿತು, ಪಾರ್ಟ್ಸ್ ಉಳಿಯಿತು. 1991ರಲ್ಲಿ ಆಟೋಝೋನ್ ಷೇರುಪೇಟೆಗೆ ಬಂತು. 1998ರಲ್ಲಿ ಚೀಫ್ ಆಟೋ ಪಾರ್ಟ್ಸ್ ಸರಪಳಿಯನ್ನು ಕೊಂಡಿತು, ಮೆಕ್ಸಿಕೋಗೂ ಕಾಲಿಟ್ಟಿತು.

ನನಗೆ ಹೊಟ್ಟೆಕಿಚ್ಚು ತರಿಸುವುದು ಇದ್ಯಾವುದೂ ಅಲ್ಲ, ಅವರ ಉದ್ರಿ ಲೆಕ್ಕ. ಅವರ ಮಾಲು ವರ್ಷಕ್ಕೆ ಸುಮಾರು ಒಂದೂವರೆ ಸಲ ಮಾತ್ರ ತಿರುಗುತ್ತದೆ, ಅಂದರೆ ಮಾರಿಹೋಗಿ ಮತ್ತೆ ತುಂಬುತ್ತದೆ. ದಿನಸಿಯವರು ಕೇಳಿದರೆ ನಕ್ಕಾರು. ಆದರೆ ಸಪ್ಲೈಯರ್‌ಗಳಿಗೆ ಅವರು ಕೊಡಬೇಕಾದ ಬಾಕಿ, ಅಂಗಡಿಗಳಲ್ಲಿರುವ ಒಟ್ಟು ಮಾಲಿನ ಬೆಲೆಗಿಂತಲೂ ಜಾಸ್ತಿ! ಅಂದರೆ ಕಪಾಟಿನಲ್ಲಿ ಧೂಳು ತಿನ್ನುತ್ತಿರುವ ಮಾಲಿನಲ್ಲಿ ಸಿಕ್ಕಿಕೊಂಡಿರುವುದು ಅವರ ದುಡ್ಡಲ್ಲ. ಅಷ್ಟು ದಿನ ಕಾಯಲಾಗದ ಸಪ್ಲೈಯರ್ ಬರಬೇಕಾದ ಬಾಕಿಯಲ್ಲಿ ಬ್ಯಾಂಕಿಗೆ ಸ್ವಲ್ಪ ಬಿಟ್ಟುಕೊಟ್ಟು, ಉಳಿದ ಹಣವನ್ನು ಅದರಿಂದ ಮುಂಚೆಯೇ ಪಡೆಯುತ್ತಾನೆ. ಇಂಥ ಉದ್ರಿ ಸಾವಿರಾರು ಅಂಗಡಿ ಇದ್ದವರಿಗೆ ಮಾತ್ರ ಸಿಗುತ್ತದೆ. ನಾನು ಎರಡು ತಿಂಗಳು ಕೇಳಿದರೆ ಸಪ್ಲೈಯರ್ ಮುಖ ಸಿಂಡರಿಸುತ್ತಾನೆ.

ಅಪರೂಪಕ್ಕೆ ಹೋಗುವ ಪಾರ್ಟ್‌ಗಳನ್ನು ಅವರು ಎಲ್ಲ ಅಂಗಡಿಯಲ್ಲೂ ತುಂಬುವುದಿಲ್ಲ. ಹಬ್ ಎಂದು ಕರೆಯುವ ದೊಡ್ಡ ಅಂಗಡಿಯಲ್ಲಿಟ್ಟು, ಕೇಳಿದಾಗ ಸುತ್ತಲಿನ ಅಂಗಡಿಗಳಿಗೆ ಕಳಿಸುತ್ತಾರೆ. ಇದೊಂದರಲ್ಲಿ ನಾವೇನೂ ಹಿಂದಿಲ್ಲ. ಗಿರಾಕಿ ಕೇಳಿದ್ದು ನನ್ನ ಹತ್ತಿರ ಇಲ್ಲದಿದ್ದರೆ 'ಇಲ್ಲ' ಅನ್ನುವುದಿಲ್ಲ. 'ಕೂತ್ಕೊಳಿ ಸಾರ್, ಗೋಡೌನ್‌ನಿಂದ ತರಿಸ್ತೀನಿ' ಎಂದು ಹೇಳಿ ಹುಡುಗನನ್ನು ನಾಲ್ಕು ಅಂಗಡಿ ಆಚೆಗೆ ಓಡಿಸುತ್ತೇನೆ.