ಸ್ವಂತ ಬಡಿಗತನದಲ್ಲಿ ಮನೆ ನಡೆಯುತ್ತಾ? ಗಿರಾಕಿಗೆ ರೇಟು ಏನು ಹೇಳಬೇಕು?

ಪ್ರಶ್ನೆ: ನಾನು ಜಮಖಂಡಿ ಕಡೆಯವನು. ಇಷ್ಟು ದಿನ ಕಾಂಟ್ರ್ಯಾಕ್ಟರ್ ಕೈಕೆಳಗೆ ಬಾಗಿಲು, ಕಪಾಟು, ಕಿಚನ್ ಕೆಲಸ ಮಾಡಿಕೊಂಡು ಬಂದಿದ್ದೇನೆ. ಈಗ ಸ್ವಂತ ಅಂಗಡಿ ಹಾಕುವ ಆಸೆ. ಆದರೆ ಗಿರಾಕಿ ಬಂದು ‘ಎಷ್ಟಾಗತೈತಿ?’ ಅಂದರೆ ಬಾಯಿ ಕಟ್ಟುತ್ತದೆ. ಜಾಸ್ತಿ ಹೇಳಿದರೆ ಹೋಗಿಬಿಡುತ್ತಾರೆ, ಕಡಿಮೆ ಹೇಳಿದರೆ ಏನೂ ಉಳಿಯಲ್ಲ. ಈ ಕೆಲಸದಲ್ಲಿ ಮನೆ ನಡೆಯುತ್ತಾ? ಮೊದಲು ಯಾವ ಮಷಿನ್ ತಗೊಳ್ಳಲಿ?

ಉತ್ತರ: ನಡೆಯುತ್ತದೆ. ಆದರೆ ಕೂಲಿಗೆ ಹೋಗುವಾಗ ಇದ್ದ ಲೆಕ್ಕವನ್ನೇ ಸ್ವಂತ ಅಂಗಡಿಗೂ ಹಿಡಿದರೆ ನಡೆಯಲ್ಲ. ಬೆಳಗಾವಿ, ವಿಜಯಪುರ ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತಿರುತ್ತದೆ. ಎಲ್ಲರ ಗೋಳೂ ಒಂದೇ: ಕೈತುಂಬ ಕೆಲಸ ಇದೆ, ಕೈಯಲ್ಲಿ ರೊಕ್ಕ ಇಲ್ಲ.

ಇದಕ್ಕೊಂದು ಹಳೇ ಕಾರಣವೂ ಇದೆ ಅಂತ ನನಗನಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಬಡಿಗೇರ ಮನೆಗೆ ಆಯ ಅಂತ ಇತ್ತು. ವರ್ಷವಿಡೀ ರಂಟೆ, ಕುಂಟೆ, ಕೂರಿಗೆ ರಿಪೇರಿ ಮಾಡಿಕೊಡುವುದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳ ತರುವುದು. ಒಂದೊಂದು ಕೆಲಸಕ್ಕೆ ಇಷ್ಟು ಅಂತ ದರ ಇರಲಿಲ್ಲ. ಟ್ರ್ಯಾಕ್ಟರ್ ಬಂತು, ಆಯ ಹೋಯಿತು. ‘ನೀವು ತಿಳಿದಷ್ಟು ಕೊಡ್ರಿ’ ಅನ್ನುವ ಮಾತು ಮಾತ್ರ ಉಳಿದುಕೊಂಡಿದೆ. ಅಂಗಡಿ ಬಾಡಿಗೆ ಮಾಲೀಕರಿಗೂ ಕರೆಂಟ್ ಬಿಲ್‌ಗೂ ಹಾಗೆ ಹೇಳೋಕಾಗಲ್ಲ, ಅಲ್ವಾ?

ಮೊದಲು ನಿಮ್ಮ ಒಂದು ದಿನದ ಬೆಲೆ ತಿಳಿದುಕೊಳ್ಳಿ. ಮನೆಗೆ ತಿಂಗಳಿಗೆ 25,000 ರೂಪಾಯಿ ಬೇಕು ಅಂತ ಇಟ್ಟುಕೊಳ್ಳೋಣ. ಕೂಲಿ ಲೆಕ್ಕದವರು ಇದನ್ನು 26 ದಿನಕ್ಕೆ ಭಾಗಿಸಿ, ದಿನಕ್ಕೆ 950–1,000 ಬಂದರೆ ಸಾಕು ಅಂದುಕೊಳ್ಳುತ್ತಾರೆ. ಈಗ ಅಂಗಡಿಯ ಖರ್ಚು ಸೇರಿಸಿ. ಬಾಡಿಗೆ 4,000, ಕರೆಂಟ್ 1,500, ಬ್ಲೇಡು, ಸ್ಯಾಂಡ್‌ಪೇಪರ್, ಮಷಿನ್ ರಿಪೇರಿ 2,000, ಪೆಟ್ರೋಲ್ ಮತ್ತು ಫೋನ್ 2,500, ನಾಳೆ ಹೊಸ ಮಷಿನ್ ಕೊಳ್ಳಲು ಎತ್ತಿಡುವುದು 2,000. ಒಟ್ಟು 12,000. ಅಂದರೆ ತಿಂಗಳಿಗೆ ಬೇಕಾಗಿರುವುದು 37,000. ಅಂಕಿ ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ, ಲೆಕ್ಕದ ದಾರಿ ಇದೇ.

ಮುಂದಿನದನ್ನು ಯಾರೂ ಬರೆದಿಡುವುದಿಲ್ಲ. ಆ 26 ದಿನವೂ ರಂದಾ (ಕಟ್ಟಿಗೆ ಹೆರೆದು ನುಣುಪು ಮಾಡುವ ಸಾಧನ) ಹೊಡೆಯುತ್ತಾ ಕೂರುತ್ತೀರಾ? ಅಳತೆಗೆ ಹೋಗಬೇಕು. ಕಟ್ಟಿಗೆ ಅಡ್ಡೆಗೆ ಹೋಗಬೇಕು. ಸಾ ಮಿಲ್‌ನಲ್ಲಿ ಪಾಳಿ ಕಾಯಬೇಕು. ‘ಸುಮ್ನೆ ಬಂದು ಒಂದ್ಸಲ ನೋಡಿ ಹೋಗ್ರಿ’ ಅಂದವರ ಮನೆಗೆ ಹೋಗಿ ಚಹಾ ಕುಡಿದು ಬರಬೇಕು, ಆರ್ಡರ್ ಮಾತ್ರ ಸಿಗಲ್ಲ. ಬಾಕಿ ಕೇಳಲು ಎರಡೆರಡು ಸಲ ಅಲೆಯಬೇಕು. ಇದೆಲ್ಲ ಕಳೆದರೆ, ಗಿರಾಕಿಯಿಂದ ದುಡ್ಡು ಸಿಗುವ ಕೆಲಸದ ದಿನಗಳು ತಿಂಗಳಿಗೆ 18 ಉಳಿದರೆ ಪುಣ್ಯ. 37,000 ಭಾಗಿಸು 18. ದಿನಕ್ಕೆ ಸುಮಾರು 2,050.

ಅದೇ 18 ದಿನಕ್ಕೆ ದಿನಾ 950ರಂತೆ ಹಿಡಿದರೆ ಬರುವುದು 17,100. ಅಂಗಡಿ ಖರ್ಚು 12,000 ಹೋದರೆ ಮನೆಗೆ 5,100. ಕೆಲಸ ತುಂಬ ಇದ್ದೂ ರೊಕ್ಕ ಇಲ್ಲದಿರುವುದು ಇದಕ್ಕೇ.

ದಿನಕ್ಕೆ 2,050 ಅಂದರೆ ಯಾರು ಬರ್ತಾರೆ ಅಂತ ಕೇಳಬಹುದು. ಗಿರಾಕಿಗೆ ಆ ಅಂಕಿ ಹೇಳಲೇಬೇಡಿ. ಅವರಿಗೆ ಬೇಕಾಗಿರುವುದು ಬಾಗಿಲಿನ ಬೆಲೆ, ನಿಮ್ಮ ದಿನದ ಬೆಲೆ ಕಟ್ಟಿಕೊಂಡು ಅವರಿಗೇನಾಗಬೇಕು? ದಿನದ ಲೆಕ್ಕ ನಿಮ್ಮ ವಹಿಯಲ್ಲಿ ಇರಲಿ. ಪೂರ್ತಿ ಸಾಮಾನಿನ ಬೆಲೆಯೊಂದನ್ನೇ ಹೇಳಿ.

ಇನ್ನು ಕಟ್ಟಿಗೆ. ಸಾಗವಾನಿ ಘನ ಅಡಿ ಲೆಕ್ಕದಲ್ಲಿ ಸಿಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ದಪ್ಪ ಇಂಚು, ಅಗಲ ಇಂಚು, ಉದ್ದ ಅಡಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸುವುದು. ಏಳು ಅಡಿ ಎತ್ತರ, ಮೂರೂವರೆ ಅಡಿ ಅಗಲದ ಮುಂಬಾಗಿಲ ಚೌಕಟ್ಟು, 5 ಇಂಚು 3 ಇಂಚಿನ ಪಟ್ಟಿ, ಹೊಸ್ತಿಲೂ ಸೇರಿ ಒಟ್ಟು ಉದ್ದ 21 ಅಡಿ. ಲೆಕ್ಕ ಹಾಕಿದರೆ 2.19 ಘನ ಅಡಿ. ಬಹಳ ಜನ ಇಷ್ಟಕ್ಕೇ ದುಡ್ಡು ಕೇಳುತ್ತಾರೆ. ಗರಗಸದ ಬಾಯಿಗೆ ಹೋದದ್ದು, ರಂದಾದಲ್ಲಿ ಹೊಟ್ಟಾದದ್ದು, ಗಂಟು ಬಂತು ಅಂತ ಕತ್ತರಿಸಿ ಬಿಸಾಕಿದ್ದು ಯಾರ ಲೆಕ್ಕ? ನೂರಕ್ಕೆ ಇಪ್ಪತ್ತು ಸೇರಿಸಿದರೆ 2.63 ಆಗುತ್ತದೆ. ಘನ ಅಡಿಗೆ 3,000 ಅಂತ ಹಿಡಿದರೂ ಒಂದೇ ಚೌಕಟ್ಟಿಗೆ 1,320 ರೂಪಾಯಿ ವ್ಯತ್ಯಾಸ. ಅದು ನಿಮ್ಮ ಜೇಬಿಂದಲೇ ಹೋಗುವುದು.

ಹಸಿ ಕಟ್ಟಿಗೆಯಿಂದ ಆಗುವ ನಷ್ಟ ಇದಕ್ಕಿಂತ ದೊಡ್ಡದು, ಅದೂ ತಡವಾಗಿ ಗೊತ್ತಾಗುವಂಥದ್ದು. ಕಟ್ಟಿಗೆ ಉದ್ದಕ್ಕೆ ಕುಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಗಲಕ್ಕೆ ಕುಗ್ಗುತ್ತದೆ, ಹಿಗ್ಗುತ್ತದೆ. ಖಾನಾಪುರದ ಮಳೆಗಾಲದಲ್ಲಿ ಕೊಯ್ದ ಹಲಗೆಯನ್ನು ಹಾಗೇ ತಂದು ಬಾಗಿಲು ಮಾಡಿ, ವಿಜಯಪುರದ ಏಪ್ರಿಲ್ ಬಿಸಿಲಿಗೆ ನಿಲ್ಲಿಸಿ ನೋಡಿ. ಹಲಗೆಯ ಎರಡೂ ಅಂಚು ಒಳಕ್ಕೆ ಜಗ್ಗುತ್ತವೆ. ಅಂಚಿಗೆಲ್ಲ ಫೆವಿಕಾಲ್ ಹಾಕಿ ಬಿಗಿದಿದ್ದರೆ ಜಗ್ಗಲು ಜಾಗ ಇಲ್ಲ, ಹಲಗೆ ನಡುವೆ ಸೀಳುತ್ತದೆ. ಅದಕ್ಕೇ ಒಳಗಿನ ಹಲಗೆಗೆ ಅಂಟು ಬೇಡ. ಪಟ್ಟಿಯಲ್ಲಿ ಕೊರೆದ ಗ್ರೂವ್‌ನಲ್ಲಿ (ಸಣ್ಣ ಕಾಲುವೆಯಲ್ಲಿ) ಸ್ವಲ್ಪ ಜಾಗ ಬಿಟ್ಟು ಸುಮ್ನೆ ಕೂಡಿಸಬೇಕು, ಅದು ತನ್ನಷ್ಟಕ್ಕೆ ಆಡಿಕೊಂಡಿರಲಿ. ಪಾಲಿಶ್ ಹಚ್ಚುವಾಗ ಹಲಗೆಯನ್ನು ಜೋಡಿಸುವ ಮೊದಲೇ ಅಂಚಿನವರೆಗೂ ಹಚ್ಚಿಬಿಡಿ. ಇಲ್ಲವಾದರೆ ಬೇಸಿಗೆಯಲ್ಲಿ ಕುಗ್ಗಿದಾಗ ಅಂಚಿನಲ್ಲಿ ಬಿಳಿ ಗೆರೆ ಎದ್ದು ಕಾಣುತ್ತದೆ. ಗಾಳಿಗೆ ಒಣಗಿಸುವುದಾದರೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳಬರ ಅಂದಾಜು. ಅಷ್ಟು ಕಾಯಲು ಆಗದಿದ್ದರೆ ತೇವ ನೋಡುವ ಸಣ್ಣ ಮೀಟರ್ ಇಟ್ಟುಕೊಳ್ಳಿ. 10–12 ಶೇಕಡಾ ತೋರಿಸಿದರೆ ಒಳ್ಳೆಯದು.

ವಾಡೆಯನ್ನೋ ಹಳೇ ಮಾಳಿಗೆ ಮನೆಯನ್ನೋ ಬಿಚ್ಚಿದಾಗ ಸಿಗುವ ತೊಲೆ, ಕಂಬ ಎಂದೋ ಒಣಗಿರುತ್ತವೆ, ಹೊಸ ಸಾಗವಾನಿಗಿಂತ ನಂಬಬಹುದು. ಆದರೆ ಒಳಗೆ ಮೊಳೆ ಮುರಿದು ಕೂತಿರುತ್ತದೆ. ದೊಡ್ಡ ಅಯಸ್ಕಾಂತ ಹಿಡಿದು ಉದ್ದಕ್ಕೂ ಸವರಿ ನೋಡದೆ ಪ್ಲೇನರ್‌ಗೆ (ಕಟ್ಟಿಗೆ ಹೆರೆದು ನುಣುಪು ಮಾಡುವ ದೊಡ್ಡ ಮಷಿನ್) ಕೊಡಬೇಡಿ. ಯಾರಾದರೂ ‘ನಮ್ಮ ಹೊಲದ್ದ ಗಿಡ, ಕೊಯ್ಕೊಡ್ರಿ’ ಅಂತ ಹಸಿ ಸಾಗವಾನಿ ಇಳಿಸಿದರೆ ಅರಣ್ಯ ಇಲಾಖೆಯ ಕಾಗದ ಕೇಳಿ. ಸ್ವಂತ ಹೊಲದ ಸಾಗವಾನಿಗೂ ಕಡಿಯಲು ಅನುಮತಿ ಬೇಕು. ಮಾಲು ಸಿಕ್ಕಿಬೀಳುವುದು ನಿಮ್ಮ ಅಂಗಡಿಯಲ್ಲಿ.

ಏನು ಮಾಡಬೇಕು ಅನ್ನುವುದಕ್ಕಿಂತ ಏನು ಮಾಡಬಾರದು ಅಂತ ಮೊದಲು ತೀರ್ಮಾನಿಸಿ. ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋದವರು ನಾಟಕದ ಜೊತೆಗೆ ಬಾಗಿಲು ಚೌಕಟ್ಟುಗಳ ಸಾಲನ್ನೂ ನೋಡಿಯೇ ಇರುತ್ತಾರೆ. ಮನೆ ಕಟ್ಟಿಸುವವರು ಅಲ್ಲೇ ಆರಿಸಿ, ಚೌಕಾಶಿ ಮಾಡಿ, ಗಾಡಿಗೆ ಹೇರಿಕೊಂಡು ಬರುತ್ತಾರೆ. ಆ ರೇಟಿಗೆ ನೀವು ಸಾದಾ ಚೌಕಟ್ಟು ಮಾಡಲು ಹೋಗಬೇಡಿ. ಅವರು ಒಂದೇ ಅಳತೆಯಲ್ಲಿ ಸಾಲಾಗಿ ಮಾಡಿದವರು, ನಿಮ್ಮದು ಒಂದೊಂದೇ ಕೆಲಸ. ರೆಡಿಮೇಡ್ ಮಂಚ, ಟಿಪಾಯಿಗೂ ಇದೇ ಮಾತು. ಗೋಕಾಕದ ಗೊಂಬೆ ಕೆಲಸದವರ ದಾರಿ ಮತ್ತೂ ಬೇರೆ. ಹಗುರ ಕಟ್ಟಿಗೆ, ಬಣ್ಣ, ಸಣ್ಣ ಸಾಮಾನು, ಮೊದಲೇ ಮಾಡಿಟ್ಟು ಮಾರುವುದು. ಅದನ್ನು ಅರ್ಧ, ಇದನ್ನು ಅರ್ಧ ಮಾಡಿದರೆ ಎರಡೂ ಕೆಡುತ್ತವೆ.

ನಿಮಗೆ ಬೆಲೆ ಸಿಗುವುದು ಅಂಗಡಿಯಲ್ಲಿ ಸಿಗದ ಕೆಲಸಕ್ಕೆ. ಸೊಟ್ಟ ಗೋಡೆಗೆ ಸರಿಯಾಗಿ ಕೂರುವ ಕಪಾಟು. ಕೆತ್ತನೆಯ ಮುಂಬಾಗಿಲು. ದೇವರ ಜಗಲಿಯ ಮೇಲಿನ ಮಂಟಪ. ಅಜ್ಜನ ಕಾಲದ ತೊಟ್ಟಿಲಿನ ಮುರಿದ ಕಾಲಿನ ಜಾಗಕ್ಕೆ ಅದನ್ನೇ ಹೋಲುವ ಕಾಲು ಹಾಕುವುದು. ಇಂಥ ರಿಪೇರಿ ಕೆಲಸವನ್ನು ಕೀಳಾಗಿ ನೋಡಬೇಡಿ. ತೊಟ್ಟಿಲು ಸರಿ ಮಾಡಿಕೊಟ್ಟ ಮನೆಯಿಂದಲೇ ಮುಂದೆ ಬಾಗಿಲಿನ ಆರ್ಡರ್ ಬರುತ್ತದೆ.

ರೊಕ್ಕ ಬರುವ ಹೊತ್ತು ಈ ಸೀಮೆಯಲ್ಲಿ ಬೆಳೆಯ ಜೊತೆ ನಡೆಯುತ್ತದೆ. ಬೆಳಗಾವಿ, ಬಾಗಲಕೋಟೆಯಲ್ಲಿ ಕಬ್ಬಿನ ಬಿಲ್, ತಿಕೋಟಾ ಕಡೆ ದ್ರಾಕ್ಷಿ, ಮಣೂಕ (ಒಣದ್ರಾಕ್ಷಿ). ಗಿರಾಕಿ ಹೀಗನ್ನುತ್ತಾರೆ, ಅದರ ಕೆಳಗಿನದು ನೀವು ಹೇಳಬೇಕಾದ ಉತ್ತರ:

‘ಬಡಿಗೇರ, ಕೆಲಸ ಚಾಲೂ ಮಾಡ. ಕಬ್ಬಿನ ಬಿಲ್ ಬಂದ ಕೂಡ್ಲೆ ಪೂರಾ ಕೊಡತೇನಿ, ನೀ ಕಾಳಜಿ ಮಾಡಬ್ಯಾಡ.’

‘ಆಗಲಿ ಬಿಡ್ರಿ ಗೌಡ್ರ. ಕಟ್ಟಿಗಿ ರೊಕ್ಕ ಅಷ್ಟ ಈಗ ಕೊಡ್ರಿ. ಕೂಲಿದು ಬಿಲ್ ಬಂದ ಮ್ಯಾಲೆ ನೋಡೂಣು.’

ಇಷ್ಟೇ ಸಾಕು. ಮುನಿಸೂ ಬರಲ್ಲ, ನಿಮ್ಮ ದುಡ್ಡಿನಲ್ಲಿ ಅವರ ಬಾಗಿಲೂ ಆಗಲ್ಲ. ಸಾಮಾನ್ಯವಾಗಿ ಅರ್ಧ ಮುಂಗಡ, ಕೂಡಿಸುವ ಮೊದಲು ಮತ್ತೊಂದು ಕಂತು, ಕೊನೆಗೆ ಸ್ವಲ್ಪವೇ ಬಾಕಿ ಇರುವ ಹಾಗೆ ಮಾತಾಡಿಕೊಳ್ಳಿ. ಬಾಗಿಲು ಕೂಡಿಸುವ ದಿನ ಪೂಜೆ, ಆಯೇರಿ (ಉಡುಗೊರೆ) ಎಲ್ಲ ಇರುತ್ತದೆ, ಆ ಗದ್ದಲದಲ್ಲಿ ದೊಡ್ಡ ಬಾಕಿ ಕೇಳಲು ಬಾಯಿ ಬರಲ್ಲ. ಇನ್ನೊಂದು ಮಾತು, ಒಬ್ಬರ ಮುಂಗಡದಲ್ಲಿ ಇನ್ನೊಬ್ಬರ ಕೆಲಸ ಮುಗಿಸುವ ಚಾಳಿ ಹತ್ತಿಸಿಕೊಳ್ಳಬೇಡಿ. ಆಷಾಢದಲ್ಲಿ ಹೊಸ ಆರ್ಡರ್ ಕಡಿಮೆಯಾದಾಗ ಆ ಸರಪಳಿ ಕಡಿಯುತ್ತದೆ, ಇಬ್ಬರೂ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ.

ಪ್ಲೈವುಡ್ ಕೆಲಸವನ್ನು ಚದರ ಅಡಿಗೆ ಮಾತಾಡುವುದಾದರೆ ಯಾವ ಪ್ಲೈ, ಮುಂಭಾಗ ಮಾತ್ರ ಅಳೆಯುವುದಾ, ಲ್ಯಾಮಿನೇಟ್ ಯಾರು ತರುವುದು ಅಂತ ಚೀಟಿಯಲ್ಲಿ ಬರೆದು ಸಹಿ ಹಾಕಿಸಿ. ಸಿಂಕ್ ಕೆಳಗೆ ನೀರು ತಡೆಯುವ ಐಎಸ್ 710 ಗುರುತಿನ ಪ್ಲೈ ಹಾಕಿ, ಉಳಿದ ಕಡೆ ಐಎಸ್ 303 ಸಾಕು.

ಸರ್ಕಾರದ ಕಡೆಯದು ಚುಟುಕಾಗಿ ಹೇಳುತ್ತೇನೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಒಂದು. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000, ಆಮೇಲೆ 5 ಶೇಕಡಾ ಬಡ್ಡಿಗೆ ಮೊದಲು 1 ಲಕ್ಷ, ಅದನ್ನು ಸರಿಯಾಗಿ ತೀರಿಸಿದರೆ 2 ಲಕ್ಷದವರೆಗೆ ಸಾಲ. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿಗೆ ಶುಲ್ಕ ಇಲ್ಲ, ಯಾರಾದರೂ ಕೇಳಿದರೆ ಕೊಡಬೇಡಿ. ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದರೆ ಕಾರ್ಮಿಕ ಕಾರ್ಡ್ ಮಾಡಿಸಿ. ಜಿಎಸ್‌ಟಿ ನೋಂದಣಿ ಬೇಕಾಗುವುದು ಸಾಮಾನು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಬರೀ ಕೂಲಿ ಕೆಲಸಕ್ಕೆ 20 ಲಕ್ಷ ದಾಟಿದ ಮೇಲೆ. ಆದರೆ ಗಡಿಯಾಚೆ ಮಹಾರಾಷ್ಟ್ರದ ಸಾಂಗಲಿ, ಸೊಲ್ಲಾಪುರದ ಗಿರಾಕಿಗೆ ಸಾಮಾನು ಮಾಡಿ ಕಳಿಸುವುದಾದರೆ ನಿಯಮ ಬೇರೆ, ಟ್ಯಾಕ್ಸ್ ನೋಡುವವರನ್ನು ಮೊದಲೇ ಕೇಳಿಕೊಳ್ಳಿ.

ಮಷಿನ್ ವಿಷಯಕ್ಕೆ ಬಂದರೆ, ಮೊದಲ ದಿನವೇ ದೊಡ್ಡ ಪ್ಲೇನರ್ ಬೇಡ. ಕೈಯಲ್ಲಿ ಹಿಡಿಯುವ ಕಟರ್, ಸಣ್ಣ ರಂದಾ ಮಷಿನ್, ರೂಟರ್ (ಗ್ರೂವ್ ಕೊರೆಯುವ ಮಷಿನ್), ಡ್ರಿಲ್, ನಾಲ್ಕಾರು ಒಳ್ಳೆಯ ಕ್ಲ್ಯಾಂಪ್ ಇದ್ದರೆ ಅಂಗಡಿ ಶುರು ಮಾಡಬಹುದು. ದಪ್ಪ ಕಟ್ಟಿಗೆಯನ್ನು ಸಾ ಮಿಲ್‌ನಲ್ಲೇ ದುಡ್ಡು ಕೊಟ್ಟು ನುಣುಪು ಮಾಡಿಸಿ. ಹಾಗೆ ಕೊಡುವ ದುಡ್ಡು ಪ್ರತಿ ತಿಂಗಳೂ ಸಾಲದ ಕಂತಿನಷ್ಟಾಗುತ್ತಿದೆ ಅಂತ ವಹಿ ತೋರಿಸಿದಾಗ ಪ್ಲೇನರ್ ತನ್ನಿ. ಅದಕ್ಕೂ ಮೊದಲು ಅಂಗಡಿಗೆ ತ್ರೀ ಫೇಸ್ ಕರೆಂಟ್ ಸಿಗುತ್ತಾ ನೋಡಿಕೊಳ್ಳಿ. ಸೆಕೆಂಡ್‌ಹ್ಯಾಂಡ್ ತರುವುದಾದರೆ ಖಾಲಿ ಓಡಿಸಿ ಬೇರಿಂಗ್ ಸದ್ದು ಕೇಳಿ, ಒಂದು ತುಂಡು ಕೊಯ್ದು ಗುಣ್ಯಾ (ಮೂಲೆಮಟ್ಟ) ಹಿಡಿದು ಮೂಲೆ ಸರಿ ಇದೆಯಾ ನೋಡಿ, ಬ್ಲೇಡಿನ ಗಾರ್ಡ್ ಬಿಚ್ಚಿಟ್ಟಿದ್ದರೆ ಅದನ್ನೂ ಕೇಳಿ ತಗೊಳ್ಳಿ. ತಿರುಗುವ ಬ್ಲೇಡಿನ ಹತ್ತಿರ ಕೈಗವಸು ಹಾಕಬೇಡಿ, ಎಳೆದುಕೊಂಡುಬಿಡುತ್ತದೆ.